ಸ್ಪೀಕರ್ ಬೇಡವೆಂದ ಅಕ್ಕೋರು

ಅಕ್ಕೋರು ತೀರಿಕೊಂಡ ಮೇಲೆ ಮನೆ ಖಾಲಿ ಮಾಡಲು ಸೊಲ್ಲಾಪುರದಿಂದ ಅವರ ತಮ್ಮ ಬಂದಿದ್ದರು. ಪಾತ್ರೆ, ಹಾಸಿಗೆ, ದೇವರ ಪೆಟ್ಟಿಗೆ ಎಲ್ಲ ಕಟ್ಟಿಯಾದ ಮೇಲೆ ಕಿಟಕಿ ಪಕ್ಕದ ಮೇಜಿನ ಮೇಲಿದ್ದ ಕಂಪ್ಯೂಟರ್ ತೋರಿಸಿ, "ಇದನ್ನೇನು ಮಾಡೂದ್ರಿ ಬಾಯಾರ? ಚಾಲೂ ಮಾಡಿ ನೋಡಿದೆ. ಆವಾಜನ ಬರವಲ್ದು. ಕೆಟ್ಟದೇನು?" ಎಂದು ಕೇಳಿದರು.

ಕೆಟ್ಟಿಲ್ಲ, ಅದು ಹಾಗೆಯೇ ಕೊಂಡದ್ದು ಎಂದೆ. ನಾನು ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ ಮುಖ ತೊಳೆದುಕೊಂಡೆ.

ಅಕ್ಕೋರು ಎಂದು ಅವರನ್ನು ಕರೆಯುತ್ತಿದ್ದವಳು ನಾನೊಬ್ಬಳೇ. ಪುಣೆಯ ಖಡಕಿಯಲ್ಲಿರುವ ನಮ್ಮ ಸೊಸೈಟಿಯಲ್ಲಿ ಉಳಿದವರಿಗೆಲ್ಲ ಅವರು ಟೀಚರ್. ನನ್ನ ಗಂಡನಿಗೆ ಇಲ್ಲಿನ ಫ್ಯಾಕ್ಟರಿಯಲ್ಲಿ ಕೆಲಸ ಸಿಕ್ಕಿ ಹುಬ್ಬಳ್ಳಿಯಿಂದ ಬಂದ ಹೊಸತರಲ್ಲಿ, ನಮ್ಮ ಕೆಳಗಿನ ಮಹಡಿಯವರು ಕನ್ನಡದವರು, ಶಾಲೆಯಲ್ಲಿ ಕಲಿಸುತ್ತಾರೆ ಎಂದು ತಿಳಿದು ಒಂದು ದಿನ ಮೆಟ್ಟಿಲ ಮೇಲೆ "ಆರಾಮ್ರಿ ಅಕ್ಕೋರ?" ಎಂದಿದ್ದೆ. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಣ್ಣುಮಕ್ಕಳಿಗೆ ಹಾಗೆಯೇ ಅನ್ನುವುದು. ಅವರು ಕೈಯಲ್ಲಿದ್ದ ಮೆಂತ್ಯದ ಕಟ್ಟು ಹಿಡಿದುಕೊಂಡೇ ನಿಂತುಬಿಟ್ಟರು.

"ಇನ್ನೊಮ್ಮೆ ಅನ್ನು."

"ಅಕ್ಕೋರ."

"ನಮ್ಮೂರಾಗ ನಮ್ಮ ಅಕ್ಕೋರಿಗೆ ನಾ ಹಿಂಗ ಅಂತಿದ್ದೆ. ನನಗ ಯಾರೂ ಅಂದಿಲ್ಲ ನೋಡು," ಎಂದರು. "ನನ್ನ ಮಕ್ಕಳಿಗೆ ಅನ್ನಾಕ ಬರೂದಿಲ್ಲ."

ಅವರ ಮಕ್ಕಳು ಎಂದರೆ ಶಾಲೆಯ ಮಕ್ಕಳು. ಅವರು ಮದುವೆಯಾಗಿರಲಿಲ್ಲ. ವಿಜಯಪುರದ ಕಡೆಯಿಂದ ಇನ್ನೂ ಹುಡುಗಿಯಾಗಿದ್ದಾಗಲೇ ಪುಣೆಗೆ ಬಂದು, ಕಿವುಡ ಮಕ್ಕಳ ಶಾಲೆಯೊಂದರಲ್ಲಿ ಕೆಲಸಕ್ಕೆ ಸೇರಿ, ಅಲ್ಲಿಯೇ ನಿವೃತ್ತರಾದವರು. ಅವರು ಸೇರಿದ ಕಾಲದಲ್ಲಿ ಅಲ್ಲಿ ಕೈಸನ್ನೆ ಮಾಡುವಂತಿರಲಿಲ್ಲವಂತೆ. ತುಟಿ ನೋಡಿ ಮಾತು ಕಲಿಯಬೇಕು, ಕೈ ಬೆನ್ನ ಹಿಂದೆ ಕಟ್ಟಿ ಕೂರಬೇಕು. ಊಟವಾದ ಮೇಲೆ ಮಕ್ಕಳು ನಲ್ಲಿಯ ಹತ್ತಿರ ತಾಟು ತೊಳೆಯುವಾಗ ಮಾತ್ರ ಕೈಗಳು ಬಿಡುವಾಗುತ್ತಿದ್ದವು. ಅಲ್ಲಿ ಅವರ ನಡುವೆ ನಿಂತು ತಾವೂ ತಾಟು ತೊಳೆಯುತ್ತ ಅಕ್ಕೋರು ಸನ್ನೆಭಾಷೆ ಕಲಿತರು. "ನಾ ಆ ಮಕ್ಕಳ ಕಡೆ ಶಿಕ್ಷಣ ತಗೊಂಡೆ, ಸರ್ಕಾರದ ಕಡೆ ಪಗಾರ ತಗೊಂಡೆ," ಎಂದು ನಗುತ್ತಿದ್ದರು.

ಅವರ ಜೊತೆ ಮಾತನಾಡುವುದು ಸುಲಭವಿರಲಿಲ್ಲ. ಎದುರಿಗೆ ಮುಖ ಕೊಟ್ಟು ಮಾತಾಡಬೇಕು. ಮೊಬೈಲ್ ನೋಡುತ್ತ ಉತ್ತರಿಸಿದರೆ ಗದ್ದ ಹಿಡಿದು ತಮ್ಮ ಕಡೆ ತಿರುಗಿಸಿಕೊಳ್ಳುತ್ತಿದ್ದರು. ಯಾರಿಗಾದರೂ ಫೋನ್ ಮಾಡಿದರೆ ಅದನ್ನು ಮೇಜಿನ ಮೇಲಿಟ್ಟು ಎರಡೂ ಕೈ ಆಡಿಸಿಕೊಂಡು ಮಾತಾಡುತ್ತಿದ್ದರು. ಆ ತುದಿಯಲ್ಲಿದ್ದವರಿಗೆ ಅರ್ಧ ಮಾತು ಕಾಣದೇ ಹೋಗುತ್ತದೆ ಎಂಬ ಚಡಪಡಿಕೆ ಬೇರೆ. ಹಳೆಯ ವಿದ್ಯಾರ್ಥಿಗಳು ಬಂದರೆ ಮೆಟ್ಟಿಲು ಹತ್ತುತ್ತಿರಲಿಲ್ಲ. ಕೆಳಗೆ ರಸ್ತೆಯಲ್ಲಿ ನಿಲ್ಲುವರು, ಅಕ್ಕೋರು ಬಾಲ್ಕನಿಗೆ ಬರುವರು. ಖಡಕಿ ಸ್ಟೇಶನ್ ನಮಗೆ ಹತ್ತಿರ. ಲೋಕಲ್ ಹಾದುಹೋದರೆ ನಾವೆಲ್ಲ ಮಾತು ನಿಲ್ಲಿಸಿ ಕಾಯಬೇಕು. ಅವರ ಮಾತು ಮಾತ್ರ ರೈಲಿನ ಸದ್ದಿನ ನಡುವೆಯೂ ಏನೂ ಆಗಿಲ್ಲವೆಂಬಂತೆ ಸಾಗಿರುತ್ತಿತ್ತು.

ನಾನು ಖರಾಡಿಯ ಒಂದು ಕಂಪನಿಯಲ್ಲಿ ವಿಡಿಯೊ ಎಡಿಟಿಂಗ್ ಮಾಡುತ್ತೇನೆ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ತೋರಿಸುವ ತರಬೇತಿಯ ವಿಡಿಯೊಗಳು. ಅಕ್ಕೋರು ನಿವೃತ್ತರಾದ ಮೇಲೆ ಒಂದು ಭಾನುವಾರ ಚಹಾಕ್ಕೆ ಕರೆದರು. ಕೂತ ಕೂಡಲೇ ಕೇಳಿದರು.

"ಕಡಿಮಿ ರೊಕ್ಕದಾಗ ವಿಡಿಯೊ ಎಡಿಟ್ ಮಾಡೋ ಕಂಪ್ಯೂಟರ್ ಒಂದು ನನಗ ಕಟ್ಟಿಸಿಕೊಡ್ತೀ ಏನು? ಬಜೆಟ್ ಸಣ್ಣದದ. ಟೈಮೂ ಸಣ್ಣದದ."

ಯಾಕೆ ಅವಸರ ಎಂದೆ. ಅವರು ಸೆರಗಿನಡಿ ಇಟ್ಟುಕೊಂಡಿದ್ದ ಎಡಗೈ ತೆಗೆದು ಮೇಜಿನ ಮೇಲಿಟ್ಟರು. ಹೆಬ್ಬೆರಳು ತೋರುಬೆರಳು ಒಂದಕ್ಕೊಂದು ತಾಗಿ ತಾಗಿ ಬಿಡುತ್ತಿದ್ದವು, ಕಾಣದ ಜಪಮಣಿ ಎಣಿಸಿದ ಹಾಗೆ.

"ಪಾರ್ಕಿನ್ಸನ್ ಅಂದ್ರು ಡಾಕ್ಟರು. ಬಲಗೈಗೂ ಬರ್ತದಂತ. ನೀ ಒಬ್ಬಾಕಿ ಹಾಡೋಳು ಅಂತ ತಿಳಿ. ಗಂಟಲ ಹೋಗೂದು ಖಾತ್ರಿ ಅದ. ಹೋಗೋದ್ರೊಳಗ ಹಾಡಿ ಇಡಬೇಕಲ್ಲ?"

ಅವರಿಗೆ ಅಕ್ಷರದ ಪಾಠ ರೆಕಾರ್ಡ್ ಮಾಡುವುದಿರಲಿಲ್ಲ. ಅದಕ್ಕೆ ಬೇಕಾದಷ್ಟು ಜನರಿದ್ದಾರೆ ಎಂದರು. ಬೇಕಿದ್ದದ್ದು ಕತೆಗಳು. ಕೇಳುವ ಮಕ್ಕಳಿಗೆ ಅಜ್ಜಿ ಇರುತ್ತಾಳೆ, ಕಿವುಡ ಮಗುವಿನ ಅಜ್ಜಿಗೆ ಸನ್ನೆ ಬರುವುದಿಲ್ಲ. ಹೀಗಾಗಿ ಆ ಮಕ್ಕಳು ಶಾಲೆಗೆ ಬರುವವರೆಗೆ ಒಂದು ಕತೆಯನ್ನೂ ಕಂಡಿರುವುದಿಲ್ಲ. "ಆರು ವರ್ಷದ ಕೂಸು, ಒಂದ ಗುಬ್ಬಿ ಕತಿ ಗೊತ್ತಿರೂದಿಲ್ಲ ಅಂದ್ರ ಹೆಂಗ ಹೇಳು," ಎಂದರು.

ಮುಂದಿನ ಭಾನುವಾರಗಳು ಪಾರ್ಟುಗಳ ಲೆಕ್ಕಾಚಾರದಲ್ಲಿ ಹೋದವು. ಮೊಬೈಲಿನಲ್ಲಿ ತೆಗೆದ ವಿಡಿಯೊ ಗಂಟು ಕಟ್ಟಿದ ಬಟ್ಟೆಯಂತೆ ಅದುಮಿಕೊಂಡಿರುತ್ತದೆ, ನೋಡುವಾಗಲೆಲ್ಲ ಕಂಪ್ಯೂಟರ್ ಅದನ್ನು ಬಿಚ್ಚಬೇಕು ಎಂದು ವಿವರಿಸಿದೆ. ಹಾಗಾಗಿ ಮೊದಲು ಪ್ರೊಸೆಸರ್ ನೋಡಬೇಕು. ಬಿಚ್ಚುವ ಕೆಲಸ ತಾನೇ ಮಾಡುವ ಗ್ರಾಫಿಕ್ಸ್ ಒಳಗೇ ಇರುವಂಥದ್ದು ತೆಗೆದುಕೊಂಡರೆ ಬೇರೆ ಗ್ರಾಫಿಕ್ಸ್ ಕಾರ್ಡು ಸದ್ಯಕ್ಕೆ ಬೇಡ. ಅಲ್ಲಿ ಉಳಿದ ದುಡ್ಡನ್ನು ರ್‍ಯಾಮ್‌ಗೆ ಹಾಕೋಣ. ಕೆಲಸ ನಡೆಯುವ ವಿಡಿಯೊ ಇಡಲು ವೇಗದ ಎಸ್ಎಸ್‌ಡಿ. ಪವರ್ ಸಪ್ಲೈಯಲ್ಲಿ ಮಾತ್ರ ಚೌಕಾಶಿ ಬೇಡ, ಅದು ಕೆಟ್ಟರೆ ಉಳಿದದ್ದನ್ನೂ ಕೆಡಿಸುತ್ತದೆ.

ಎಲ್ಲದಕ್ಕೂ ತಲೆಯಾಡಿಸಿದ ಅಕ್ಕೋರು ಒಂದೇ ಕಡೆ ಜಗಳಕ್ಕೆ ನಿಂತರು. ಹಳೆಯ ವಿಡಿಯೊ ಇಡುವ ಹಾರ್ಡ್ ಡಿಸ್ಕ್ ಸಣ್ಣದು ಸಾಕು, ಕೆಟ್ಟು ಬಂದ ಟೇಕ್‌ಗಳನ್ನು ಅಳಿಸುತ್ತ ಹೋದರಾಯಿತು ಎಂದಿದ್ದೆ.

"ಒಂದೂ ಅಳಸೂದಿಲ್ಲ. ಕೆಟ್ಟ ಟೇಕಿನಾಗೂ ಒಂದ ಮಾತು ಚೊಲೊ ಬಂದಿರ್ತದ. ಮುಂದ ಆ ಮಾತು ನನಗ ಬರದ ಇದ್ರ? ಡಿಸ್ಕ್ ದೊಡ್ಡದ ಇರಲಿ. ಹೊರಗಿನ ಡಬ್ಬಿ ಸಾದಾ ಇರಲಿ, ಕಡೀಕ ರಟ್ಟಿಂದ ಇದ್ರೂ ನಡೀತದ."

ದುಡ್ಡಿಗೆ ಅವರು ತಾಯಿಯ ಬಂಗಾರದ ಬಳೆ ಮಾರಿದ್ದರು. ನನಗೆ ಅಯ್ಯೋ ಅನ್ನಿಸಿತು. "ಹಾಕ್ಕೊಂಡದ್ದ ಇಲ್ಲ ಅವನ್ನ. ಬಳಿ ಹಾಕ್ಕೊಂಡು ಪಾಠ ಮಾಡಿದ್ರ ಹುಡುಗ್ರ ಕಣ್ಣು ಬಳಿ ಮ್ಯಾಲೆ, ಮಾತಿನ ಮ್ಯಾಲೆ ಇಲ್ಲ," ಎಂದು ಆ ವಿಷಯ ಮುಗಿಸಿದರು.

ಕಂಪ್ಯೂಟರ್ ಸಾಮಾನು ಮಾರುವ ತಪಕೀರ್ ಗಲ್ಲಿಯ ಅಂಗಡಿಗೆ ಇಬ್ಬರೂ ಹೋದೆವು. ಕಾಲಿಡಲು ಜಾಗವಿಲ್ಲದ ಆ ಗಲ್ಲಿಯಲ್ಲಿ ಅಕ್ಕೋರು ಎಡಗೈಯನ್ನು ಚೀಲದ ಹಿಡಿಕೆಗೆ ಸುತ್ತಿಕೊಂಡು ನನ್ನ ಹಿಂದೆ ನಡೆದರು. ಅಂಗಡಿಯವನು ಬಣ್ಣಬಣ್ಣದ ದೀಪ ಮಿನುಗುವ ಕ್ಯಾಬಿನೆಟ್ ತೋರಿಸಿದ, ಬೇಡವೆಂದರು. ಮಾನಿಟರ್ ಆರಿಸುವಾಗ ಮಾತ್ರ ತಾಳ್ಮೆಯಿಂದ ನಿಂತರು. ತಮ್ಮ ಮೊಬೈಲಿನಲ್ಲಿದ್ದ ಒಂದು ವಿಡಿಯೊವನ್ನೇ ಎಲ್ಲ ಮಾನಿಟರಿನ ಮೇಲೆ ಹಾಕಿಸಿದರು. ಅಗ್ಗದವುಗಳಲ್ಲಿ ಬೆರಳು ಬೇಗ ಆಡಿದರೆ ಹಿಂದೆ ಹೊಗೆಯಂತೆ ಎಳೆ ಉಳಿಯುತ್ತಿತ್ತು. "ಇದರಾಗ ಉಗ್ಗಿದಂಗ ಕಾಣ್ತದ," ಎಂದು ಒಂದೊಂದನ್ನೇ ದಾಟಿ, ಬೆರಳು ಬೆರಳಾಗಿಯೇ ಕಾಣುವ ಒಂದರ ಮುಂದೆ ನಿಂತರು.

ಕೊನೆಗೆ ಅಂಗಡಿಯವನು ಒಂದು ಜೊತೆ ಸ್ಪೀಕರ್ ತಂದಿಟ್ಟ.

"ಸ್ಪೀಕರ್ ನಕೋ," ಎಂದರು ಅಕ್ಕೋರು.

ಅವನಿಗೆ ಆಶ್ಚರ್ಯ. "ವಿಡಿಯೊ ಎಡಿಟಿಂಗ್‌ಲಾ ಸ್ಪೀಕರ್ ನಕೋ? ಮಗ ಐಕಣಾರ್ ಕಸಂ, ಮಾವಶಿ?" ಸ್ಪೀಕರ್ ಬೇಡವಾದರೆ ಕೇಳುವುದು ಹೇಗೆ ಎಂಬುದು ಅವನ ಪ್ರಶ್ನೆ.

"ಐಕಣಾರಂ ಕೋಣಿ ನಾಹೀ," ಎಂದರು. ಕೇಳುವವರು ಯಾರೂ ಇಲ್ಲ. ಸಿಟ್ಟಿನಿಂದ ಹೇಳಿದ್ದಲ್ಲ, ಇದ್ದದ್ದನ್ನು ಹೇಳಿದ್ದು. ಪಾಪ, ಅವನು ಏನೆಂದುಕೊಂಡನೋ, ಬಿಲ್ಲಿನಲ್ಲಿ ತಾನಾಗಿಯೇ ಒಂದಿಷ್ಟು ಕಡಿಮೆ ಮಾಡಿದ.

ವಾಪಸು ಬರುವಾಗ ರಿಕ್ಷಾದಲ್ಲಿ ಡಬ್ಬಿಗಳ ನಡುವೆ ಒತ್ತಿಕೊಂಡು ಕೂತಿದ್ದೆವು. ಅಕ್ಕೋರು ನನ್ನ ಮೊಣಕೈ ತಟ್ಟಿ ತಮ್ಮ ಕಡೆ ತಿರುಗಿಸಿಕೊಂಡರು.

"ಕ್ಯಾಮೆರಾ ನಡುಗಿದ್ರ ಅದನ್ನ ಸರಿ ಮಾಡೋ ಸೌಲತ್ತು ಇರ್ತದ ಅಂದಿದ್ದೆಲ್ಲ ನೀ. ಕೈ ನಡುಗಿದ್ರ?"

"ಇಲ್ರಿ ಅಕ್ಕೋರ. ಅದಕ್ಕಿಲ್ಲ."

"ಭಾಳ ತುಟ್ಟೀದ್ರಾಗೂ ಇಲ್ಲೇನು?"

ಇಲ್ಲವೆಂದೆ. ಅವರು ಸರಿ ಎಂಬಂತೆ ತಲೆಯಾಡಿಸಿ ಹೊರಗೆ ನೋಡತೊಡಗಿದರು.

ಕೆಲಸ ಶುರುವಾಯಿತು. ಬೆಳಗಿನ ಗುಳಿಗೆ ನುಂಗಿದ ಸ್ವಲ್ಪ ಹೊತ್ತಿಗೆ ಕೈ ಶಾಂತವಾಗುತ್ತಿತ್ತು. ಆಗ ಗೋಡೆಗೆ ನೀಲಿ ಚಾದರ ಕಟ್ಟಿ, ಕಿಟಕಿಯ ಬೆಳಕಿಗೆ ಮುಖ ಮಾಡಿ ಕತೆ ಹೇಳುವರು. ಗುಳಿಗೆಯ ಗುಣ ಇಳಿದ ಮೇಲೆ ಎಡಿಟಿಂಗ್. ವಾರದ ರಜೆಯಲ್ಲಿ ನಾನು ಪಕ್ಕದಲ್ಲಿ ಕೂರುತ್ತಿದ್ದೆ. ನನಗೋ ಮಾತಿನ ಉಸಿರು ನೋಡಿ ಕತ್ತರಿಸುವ ಅಭ್ಯಾಸ. ಒಮ್ಮೆ, ಗುಬ್ಬಿ ಎಂದಾಗ ಗುಬ್ಬಿಯ ಚಿತ್ರ ತೋರಿಸೋಣ ಎಂದು ಅವರ ಕೈಯ ಮೇಲೆ ಚಿತ್ರ ಹಾಕಿಬಿಟ್ಟೆ. ಅವರು ಹಣೆ ಬಡಿದುಕೊಂಡರು.

"ನಿಮ್ಮದ್ರಾಗ ಚಿತ್ರ ಬಂದ್ರೂ ಹಿಂದ ಆವಾಜ್ ನಡದಿರ್ತದ. ನಮ್ಮದ್ರಾಗ ಕೈ ಮುಚ್ಚಿದಿ ಅಂದ್ರ ಬಾಯಿ ಮುಚ್ಚಿದಂಗ. ತಗಿ, ತಗಿ!"

ಇಬ್ಬರೂ ನಕ್ಕೆವು. ಆ ದಿನಗಳಲ್ಲಿ ಅವರು ನಗುತ್ತಿದ್ದರು. ನಡುಕ ಕಂಡ ಕಡೆಯೆಲ್ಲ ಕತ್ತರಿಸಿ, ಇನ್ನೊಂದು ಟೇಕಿನಿಂದ ತುಂಡು ತಂದು ಜೋಡಿಸಿ, ಸೀರೆಗೆ ಅಂಚು ಹೊಲಿದಂತೆ ಕಾಣದ ಹಾಗೆ ಕೂಡಿಸುತ್ತಿದ್ದರು. ಆದರೆ ತಿಂಗಳು ಕಳೆದಂತೆ ಕತ್ತರಿಸಬೇಕಾದದ್ದು ಹೆಚ್ಚಾಯಿತು, ಜೋಡಿಸಲು ಸಿಗುವುದು ಕಡಿಮೆಯಾಯಿತು. ಸಣ್ಣ ನಡುಕವನ್ನು ಹಾಗೆಯೇ ಬಿಡತೊಡಗಿದರು. ಯಾರಿಗೂ ಗೊತ್ತಾಗುವುದಿಲ್ಲ ಎಂದು ಧೈರ್ಯ ಹೇಳಿದವಳು ನಾನೇ.

ಕತೆಗಳನ್ನು ಅವರ ಹಳೆಯ ಶಾಲೆಯಲ್ಲಿ ಟೀವಿಯ ಮೇಲೆ ತೋರಿಸತೊಡಗಿದರು. ಒಂದು ದಿನ ಮುಖ್ಯಾಧ್ಯಾಪಕಿ ಪ್ರೀತಿಯಿಂದ ಕರೆಸಿಕೊಂಡರು. ನಾನೂ ಜೊತೆಗೆ ಹೋದೆ. ಎಲ್ಲಕ್ಕಿಂತ ಸಣ್ಣ ತರಗತಿಯ ಮಕ್ಕಳು ಸಾಲಾಗಿ ನಿಂತು ಗುಬ್ಬಿಯ ಕತೆ ಹೇಳಿ ತೋರಿಸಿದರು. ಎಷ್ಟು ಚಂದವಾಗಿ! ಹುಬ್ಬು ಏರಿಸುವುದು, ಕಾಗೆ ಬಂದಾಗ ಕುತ್ತಿಗೆ ಓರೆ ಮಾಡುವುದು, ಎಲ್ಲ ಅಕ್ಕೋರದೇ. ಗುಬ್ಬಿ ಎನ್ನುವಾಗ ಮಾತ್ರ ಆ ಪುಟ್ಟ ಕೈಗಳೆಲ್ಲ ಒಟ್ಟಿಗೆ ನಡುಗಿದವು. ಮತ್ತೆ ಗುಬ್ಬಿ ಬಂತು, ಮತ್ತೆ ನಡುಗಿದವು. ಆ ಶಬ್ದ ಇರುವುದೇ ಹಾಗೆ ಎಂದು ಮಕ್ಕಳು ತಿಳಿದುಕೊಂಡಿದ್ದರು.

ಅಕ್ಕೋರು ಎಲ್ಲರ ತಲೆ ನೇವರಿಸಿದರು, ಪೇಡೆ ಹಂಚಿದರು. ಮನೆಗೆ ಬಂದು ಚಪ್ಪಲಿ ಬಿಡುವಾಗ ಬಾಗಿಲ ಚೌಕಟ್ಟು ಹಿಡಿದು ನಿಂತರು.

"ನನ್ನ ರೋಗ ಕಲಿಸಿ ಬಂದೆ ನೋಡವಾ, ಕೂಸುಗಳಿಗೆ."

"ಹಂಗ್ಯಾಕ ಅಂತೀರಿ ಅಕ್ಕೋರ..."

"ಮತ್ತ ಹೆಂಗ ಅನ್ನಲಿ?"

ಕಂಪ್ಯೂಟರಿಗೆ ನೀಲಿ ಚಾದರ ಹೊದಿಸಿದರು. ನಾನು ಹೋದರೆ ಚಹಾ ಮಾಡಿಕೊಡುವರು, ಆ ಮೇಜಿನ ಕಡೆ ನೋಡುತ್ತಿರಲಿಲ್ಲ. ಹೀಗೆ ಮಳೆಗಾಲ ಪೂರ್ತಿ ಕಳೆಯಿತು.

ಆ ಚಾದರ ತೆಗೆದವಳು ಪ್ರಣಾಲಿ. ಅವಳು ಅಕ್ಕೋರ ಹಳೆಯ ವಿದ್ಯಾರ್ಥಿನಿ. ದೇಹೂ ರೋಡಿನಲ್ಲಿ ಮನೆ, ಪ್ಯಾಕಿಂಗ್ ಕೆಲಸ, ಹುಟ್ಟಿನಿಂದ ಕಿವಿ ಕೇಳಿಸದು. ಕತೆಗಳು ಬರುವುದು ಯಾಕೆ ನಿಂತಿತು ಎಂದು ಕೇಳಲು ಬಂದಿದ್ದಳು. ಅಂದು ನಾನು ಅಲ್ಲಿಯೇ ಇದ್ದೆ. ಅಕ್ಕೋರು ಕಾರಣ ಹೇಳಿದರು. ಪ್ರಣಾಲಿ ಮುಖ ಗಂಟಿಕ್ಕಿಕೊಂಡು ಕೈ ಆಡಿಸಿದಳು. ಏನೆಂದಳು ಎಂದು ಕೇಳಿದೆ.

"ಬೈದಳು," ಎಂದರು ಅಕ್ಕೋರು. ಅವರ ಕಣ್ಣು ತುಂಬಿದ್ದವು. "ಕಿವುಡ ಮಕ್ಕಳಿಗೆ ಕತಿ ಹೇಳಾಕ ಕಿವುಡರು ಇಲ್ಲೇನು? ನಾ ಇಲ್ಲೇನು? ಇಷ್ಟ ದಿನಾ ನನ್ನ ಯಾಕ ಕೇಳಲಿಲ್ಲ ಅಂತಾಳ." ಸೆರಗಿನಿಂದ ಒರೆಸಿಕೊಂಡು, "ಖರೇನ. ಕೇಳಬೇಕು ಅಂತ ನನಗ ಹೊಳೀಲೇ ಇಲ್ಲ," ಎಂದರು.

ಅಲ್ಲಿಂದ ಗೋಡೆಯ ಮುಂದೆ ಪ್ರಣಾಲಿ, ಕಂಪ್ಯೂಟರಿನ ಮುಂದೆ ಅಕ್ಕೋರು. ಪ್ರಣಾಲಿಯ ಗುಬ್ಬಿ ನಡುಗುತ್ತಿರಲಿಲ್ಲ. ಕಾಗೆಗೆ ಎದುರು ಜವಾಬು ಕೊಡುವ ಗುಬ್ಬಿ ಅವಳದು. ಮಕ್ಕಳು ಹೊಸ ಗುಬ್ಬಿ ಕಲಿತರು. ಅಕ್ಕೋರಿಗೆ ಮೌಸ್ ಹಿಡಿಯುವುದು ಆಗದಾಗ ಕತ್ತರಿಸುವ ಆಜ್ಞೆಯನ್ನು ಕೀಬೋರ್ಡಿನ ಎಲ್ಲಕ್ಕಿಂತ ಅಗಲವಾದ ಕೀಲಿಗೆ ಹೊಂದಿಸಿಕೊಟ್ಟೆ. ಮುಷ್ಟಿಯಿಂದ ಒತ್ತುವರು. ಅದೂ ಆಗದಾದಾಗ ಪಕ್ಕದಲ್ಲಿ ಕೂತು "ಇಲ್ಲೆ" ಎನ್ನುವರು, ನಾನು ಒತ್ತುತ್ತಿದ್ದೆ.

ವರ್ಷಗಳು ಕಳೆದಂತೆ ಅವರ ಧ್ವನಿಯೂ ತಗ್ಗಿತು. ಈ ಕಾಯಿಲೆಯಲ್ಲಿ ಹಾಗಾಗುತ್ತದಂತೆ. ನನಗೆ ಕೇಳಿಸಬೇಕೆಂದರೆ ಅವರ ಬಾಯಿಯ ಹತ್ತಿರ ಕಿವಿ ಒಯ್ಯಬೇಕು. ಕೈ ಎತ್ತಿದರೆ ನಡುಕದಲ್ಲಿ ಸನ್ನೆಗಳು ಒಂದರಲ್ಲೊಂದು ಕಲಸಿಹೋಗುತ್ತಿದ್ದವು. ಮುಖವೂ ಬಿಗಿದು, ಹುಬ್ಬು ಏಳುತ್ತಿರಲಿಲ್ಲ. ಜೀವಮಾನವೆಲ್ಲ ಬಾಯಿಂದಲೂ ಕೈಯಿಂದಲೂ ಮಾತಾಡಿದ ಹೆಂಗಸಿಗೆ ಎರಡೂ ಒಟ್ಟಿಗೆ ಕೈಬಿಡುತ್ತಿದ್ದವು. ಅದನ್ನು ನೋಡುವುದು ಕಷ್ಟವಾಗಿತ್ತು. ನಾನು ಕೆಲವೊಮ್ಮೆ ನೆಪ ಹೇಳಿ ಬೇಗ ಏಳುತ್ತಿದ್ದೆ.

ಪ್ರಣಾಲಿ ಏಳಲಿಲ್ಲ. ಒಂದು ಮಧ್ಯಾಹ್ನ ಅಕ್ಕೋರು ಅವಳಿಗೆ ಏನೋ ಹೇಳಲು ಹೋಗಿ, ಆಗದೆ, ಮತ್ತೆ ಮತ್ತೆ ಹೆಣಗಿ ಕೈ ಚೆಲ್ಲಿದರು. ಪ್ರಣಾಲಿ ಅವರ ಎದುರು ಮಂಡಿಯೂರಿ ಕೂತು, ಅವರ ಎರಡೂ ಮುಂಗೈಗಳನ್ನು ತನ್ನ ಅಂಗೈಗಳಲ್ಲಿ ತೆಗೆದುಕೊಂಡಳು. ಒತ್ತಿ ಹಿಡಿಯಲಿಲ್ಲ, ಹಕ್ಕಿಮರಿ ಹಿಡಿದ ಹಾಗೆ ಹಿಡಿದಳು. ನಡುಕ ನಿಲ್ಲಲಿಲ್ಲ, ಆದರೆ ಅದರ ಒಳಗಿನಿಂದ ಸನ್ನೆ ಹೊರಟಿತು. ಅವಳು ಕಣ್ಣು ಮುಚ್ಚಿಕೊಂಡು ಅದನ್ನು ಕೈಯಿಂದಲೇ ಓದಿದಳು. ಓದಿ ನಕ್ಕಳು. ಅಕ್ಕೋರ ಮುಖ ನಗಲಾರದಾಗಿತ್ತು, ಕಣ್ಣು ನಕ್ಕವು. ಅವರೇನು ಹೇಳಿದರು ಎಂದು ನಾನು ಕೇಳಲಿಲ್ಲ.

ಚಳಿ ಶುರುವಾಗುವ ಹೊತ್ತಿಗೆ ಬಚ್ಚಲಲ್ಲಿ ಜಾರಿ ಬಿದ್ದರು. ಆಸ್ಪತ್ರೆಗೆ ಸೇರಿಸಿದೆವು. ಸೊಂಟದ ಆಪರೇಶನ್ ಆಯಿತು, ಅದರ ಹಿಂದೆಯೇ ಎದೆಯಲ್ಲಿ ಕಫ ಕಟ್ಟಿತು. ಭೇಟಿಯ ವೇಳೆಗೆ ನಾನು, ಪ್ರಣಾಲಿ ಒಳಗೆ ಹೋದಾಗ ಅವರ ಎರಡೂ ಕೈಗಳನ್ನು ಮೆತ್ತನೆಯ ಪಟ್ಟಿಯಿಂದ ಮಂಚದ ಸರಳಿಗೆ ಕಟ್ಟಿದ್ದರು. ಜ್ವರದ ಭ್ರಮೆಯಲ್ಲಿ ಮೂಗಿನ ನಳಿಕೆ ಕಿತ್ತುಕೊಳ್ಳುತ್ತಾರೆಂದು ಹಾಗೆ ಮಾಡಿದ್ದು, ಯಾರದೂ ತಪ್ಪಲ್ಲ. ಆದರೆ ಪ್ರಣಾಲಿ ಬಾಗಿಲಲ್ಲೇ ನಿಂತು ಒಂದು ಸದ್ದು ಮಾಡಿದಳು. ಅವಳ ಗಂಟಲಿನಿಂದ ಸದ್ದು ಬಂದದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ವಾರ್ಡಿನವರೆಲ್ಲ ತಿರುಗಿ ನೋಡಿದರು.

ನರ್ಸ್ ಓಡಿ ಬಂದಳು. ಇವರು ಕೈಯಿಂದ ಮಾತಾಡುವವರು, ಕೈ ಕಟ್ಟಿದರೆ ಬಾಯಿ ಕಟ್ಟಿದ ಹಾಗೆ ಎಂದು ನಾನು ಮರಾಠಿಯಲ್ಲಿ ತಡವರಿಸುತ್ತ ಹೇಳಿದೆ. ಆ ಹುಡುಗಿ ಅಕ್ಕೋರ ಮುಖ ನೋಡಿದಳು, ಪ್ರಣಾಲಿಯ ಮುಖ ನೋಡಿದಳು. "ಕೋಣೀತರಿ ಜವಳ್ ಬಸಾ," ಎಂದಳು, ಯಾರಾದರೂ ಪಕ್ಕದಲ್ಲಿ ಕೂತಿರಬೇಕು ಎಂದು. ತಾನೇ ಗಂಟು ಬಿಚ್ಚಿದಳು. ಅಲ್ಲಿಂದ ಕೊನೆಯವರೆಗೆ ಪ್ರಣಾಲಿ ರಜೆ ಹಾಕಿ ಅಲ್ಲಿಯೇ ಕೂತಳು. ಅವಳ ಕೈಯಲ್ಲಿ ಕೈಯಿಟ್ಟುಕೊಂಡೇ ಅಕ್ಕೋರು ಹೋದರು. ಆ ಕೈಯ ನಡುಕ ನಿಂತಾಗಲೇ ಅವಳಿಗೆ ಗೊತ್ತಾಯಿತು, ಯಂತ್ರಕ್ಕಿಂತ ಮೊದಲು.

ಸೊಸೈಟಿಯ ಹಾಲ್‌ನಲ್ಲಿ ಶೋಕಸಭೆ ಇಟ್ಟಿದ್ದರು. ಮಕ್ಕಳಾಗಿ ಅವರ ತರಗತಿಯಲ್ಲಿ ಕೂತವರು ಈಗ ಗಂಡ, ಹೆಂಡತಿ, ಕೂಸುಗಳೊಡನೆ ಬಂದಿದ್ದರು. ಟೇಲರ್, ಪೇಂಟರ್, ಬೇಕರಿಯವ, ಫ್ಯಾಕ್ಟರಿಯವ. ಹಾಲಿನ ಹಿಂದಿನ ಅರ್ಧ ಅವರೇ. ಮುಂದಿನ ಅರ್ಧದಲ್ಲಿ ನಾವು. ಸೆಕ್ರೆಟರಿ ಮೈಕಿನಲ್ಲಿ ಒಳ್ಳೆಯ ಮಾತಾಡಿದರು. ಶಾಲೆಯಿಂದ ಬಂದ ಟೀಚರೊಬ್ಬರು ಪಕ್ಕದಲ್ಲಿ ನಿಂತು ಅದನ್ನು ಸನ್ನೆಯಲ್ಲಿ ಹೇಳಿದರು. ಕೊನೆಗೆ ಎರಡು ನಿಮಿಷ ಮೌನ ಎಂದರು. ಎಲ್ಲರೂ ಎದ್ದು ನಿಂತು ಕಣ್ಣು ಮುಚ್ಚಿದೆವು.

ಸೆಕ್ರೆಟರಿ "ಓಂ ಶಾಂತಿ" ಎಂದರು. ನಾವು ಕಣ್ಣು ತೆರೆದೆವು. ಯಾರೋ ಕೆಮ್ಮಿದರು, ಯಾರೋ ಕುರ್ಚಿ ಎಳೆದರು, ಚಹಾದ ಕಪ್ಪುಗಳ ಸದ್ದು ಶುರುವಾಯಿತು. ಸನ್ನೆಯಲ್ಲಿ ಹೇಳುತ್ತಿದ್ದ ಆ ಟೀಚರ್ ಮುಖ ಮುಚ್ಚಿಕೊಂಡು ಅಳುತ್ತ ಕೂತುಬಿಟ್ಟಿದ್ದರು. ನಾನು ಹಿಂದೆ ತಿರುಗಿ ನೋಡಿದೆ. ಹಾಲಿನ ಆ ಅರ್ಧ ಹಾಗೆಯೇ ನಿಂತಿತ್ತು. ಅಷ್ಟು ಜನ, ಕೈ ಕಟ್ಟಿ, ಕಣ್ಣು ಮುಚ್ಚಿ. ಮುಗಿಯಿತು ಎಂದು ಅವರಿಗೆ ಹೇಳುವವರು ಇರಲಿಲ್ಲ.

ನಾನು ನಡೆದು ಹೋಗಿ ಅವರ ಮೊದಲ ಸಾಲಿನಲ್ಲಿದ್ದ ಪ್ರಣಾಲಿಯ ತೋಳು ಮುಟ್ಟಿದೆ. ಅವಳು ಕಣ್ಣು ತೆರೆದಳು. ನನ್ನನ್ನು ನೋಡಿದಳು, ನನ್ನ ಹಿಂದೆ ಕುರ್ಚಿ ಮಡಚುತ್ತಿದ್ದವರನ್ನು ನೋಡಿದಳು. ಆಯಿತು ಎಂದು ನನಗೆ ಬರುವಷ್ಟು ಸನ್ನೆಯಲ್ಲಿ ಹೇಳಿದೆ.

ಅವಳು ಇಲ್ಲವೆಂದು ತಲೆಯಾಡಿಸಿದಳು. ಮತ್ತೆ ಕಣ್ಣು ಮುಚ್ಚಿದಳು.